ಹುಳದ ಮನೆಯ ಯೋಗ ಮೇಡಂ

ರಾಯದುರ್ಗದಲ್ಲಿ ಪ್ಯಾಂಟಿನ ಹಿಂಜೇಬು ನೋಡಿ ಮನುಷ್ಯನ ಹೆಸರು ಹೇಳಬಲ್ಲವಳು ವಾಣಿಶ್ರೀ ಒಬ್ಬಳೇ. ಮುಖ ನೋಡಿ ಹೇಳು ಎಂದರೆ ತಡವರಿಸುತ್ತಾಳೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ನಿಂತು ನಮಸ್ಕಾರ ಮಾಡಿದೆ. ಯಾವುದೋ ಊರಿನವನನ್ನು ನೋಡಿದ ಹಾಗೆ ನೋಡಿದಳು. ನನಗೂ ಸಿಟ್ಟು ಬಂದು ತಿರುಗಿ ನಾಲ್ಕು ಹೆಜ್ಜೆ ಇಟ್ಟಿದ್ದೆ, ಅಷ್ಟೇ. "ಅಯ್ಯ, ನೀವೇನ್ರಿ! ಮೊದ್ಲ ಹೇಳಬಾರದಾ? ಬರ್ರಿ, ಚಾ ಕುಡಿಯೋಣು" ಎಂದು ಹಿಂದಿನಿಂದ ಕೂಗು ಬಂತು.

ಝಿಪ್ಪು, ಗುಂಡಿ, ದಾರ, ಉಳಿದ ಬಟ್ಟೆ ಮಾರುವ ನನಗೆ ಅವಳ ಪರಿಚಯ ಇಪ್ಪತ್ತು ವರ್ಷದ್ದು. ಬೊಮ್ಮಣ್ಣನ ಜೀನ್ಸ್ ಯೂನಿಟ್ಟಿಗೆ ಅವಳು ಸೇರಿದ್ದು ದಾರ ಕತ್ತರಿಸಲು. ಹೊಲಿದು ಬಂದ ಪ್ಯಾಂಟಿನಿಂದ ಇಣುಕುವ ಎಳೆಗಳನ್ನು ಪುಟ್ಟ ಕತ್ತರಿಯಿಂದ ತೆಗೆಯುವ ಕೆಲಸ. ಅದಕ್ಕೆ ಓದು ಬೇಡ, ಮಾತು ಬೇಡ, ಕಣ್ಣಿದ್ದರೆ ಸಾಕು. ಹೀಗಿರುವಾಗ ಒಂದು ಮಧ್ಯಾಹ್ನ ಬಳ್ಳಾರಿಯ ಡೀಲರ್ ಬಂದು ಸ್ಯಾಂಪಲ್ ಪ್ಯಾಂಟನ್ನು ಮೇಜಿನ ಮೇಲೆ ಎಸೆದ.

"ಹಿಂದ್ಲ ಜೇಬು ನೋಡ್ರಿ ಬೊಮ್ಮಣ್ಣ. ಜ್ವರ ಬಂದವನ ಮುಖ ಇದ್ದಂಗೈತಿ. ಇದನ್ನ ಹಾಕ್ಕೊಂಡು ಯಾರು ಅಡ್ಡಾಡ್ತಾರ?"

ಬೊಮ್ಮಣ್ಣ ಹುಡುಗಿಯರ ಕಡೆ ತಿರುಗಿದ. "ಏ, ನಿಮ್ಮಾಗ ಯಾರಿಗಾರ ಚಿತ್ರ ತೆಗಿಯಾಕ ಬರತೈತೇನ?"

ವಾಣಿಶ್ರೀ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡು ಜೇಬಿನ ಮೇಲೆ ತನ್ನ ಮನೆ ಹೊಸ್ತಿಲಿನ ರಂಗೋಲಿ ಹಾಕತೊಡಗಿದಳು. ಎರಡು ಬಾಗು, ಒಂದು ಚುಕ್ಕೆ ಹಾಕಿದ್ದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಚಿತ್ರ ಅಲ್ಲಿಗೇ ಬಿಟ್ಟು ಊಟಕ್ಕೆ ಹೋದಳು. ಕೈ ತೊಳೆದು ಬಂದು ಉಳಿದದ್ದನ್ನು ಮುಗಿಸಲು ಸೀಮೆಸುಣ್ಣ ಎತ್ತಿದರೆ ಬೊಮ್ಮಣ್ಣ ಅಡ್ಡ ಬಂದ.

"ಏ, ಮುಟ್ಟಬ್ಯಾಡ! ಡೀಲರ್ ಒಪ್ಪಿ ಹೋದ. ಇನ್ನೊಂದು ಗೆರಿ ಎಳದ್ರ ಫ್ಯಾಷನ್ ಕೆಡತೈತಿ!"

ಆ ಅರ್ಧ ರಂಗೋಲಿ ಬಳ್ಳಾರಿಯಿಂದ ಹುಬ್ಬಳ್ಳಿಯವರೆಗೆ ಎಷ್ಟು ಜನರ ಹಿಂದೆ ನಡೆದಾಡಿತೋ ಲೆಕ್ಕವಿಲ್ಲ. ಬೊಮ್ಮಣ್ಣ ಅವಳಿಗೆ ಒಂದು ಕುರ್ಚಿ ಕೊಟ್ಟ. 'ಫ್ಯಾಷನ್ ಡಿಸೈನರ್ ವಾಣಿಶ್ರೀ' ಎಂದು ತಗಡಿನ ಬೋರ್ಡನ್ನೂ ಬರೆಸಿದ. ಅದನ್ನು ಹಾಕಲು ಕೋಣೆಯ ಬಾಗಿಲು ಬೇಕು, ಕೋಣೆ ಇರಲಿಲ್ಲ. ಹಾಗಾಗಿ ಕುರ್ಚಿಯ ಬೆನ್ನಿಗೇ ತೂಗುಹಾಕಿದರು. ಅವಳ ಕೆಲಸದ ಹಾಗೆ ಅವಳ ಹುದ್ದೆಯೂ ಹಿಂದಿನಿಂದ ಮಾತ್ರ ಕಾಣುತ್ತಿತ್ತು.

ಹದಿನೆಂಟು ವರ್ಷ ಅವಳು ಜೇಬುಗಳನ್ನು ಬರೆದಳು. ಕೋಳಿ ಹೆಜ್ಜೆ ಬರೆದಳು, ಬೊಮ್ಮನಹಾಳಿನ ಕಾಲುವೆ ಬರೆದಳು, ಭೈರವಾನಿತಿಪ್ಪಕ್ಕೆ ಹೋಗಿ ಬಂದ ಮಾರನೇ ದಿನ ಡ್ಯಾಮಿನ ಗೇಟು ಬರೆದಳು. ಎಲ್ಲವೂ ಮಾರಾಟವಾದವು. ಕೆಟ್ಟದ್ದು ಒಂದೇ ಒಂದು: ಕಣ್ಣಿನ ಜೇಬು. ಎಡಗಡೆ ಒಂದು ಕಣ್ಣು, ಬಲಗಡೆ ಒಂದು ಕಣ್ಣು, ರೆಪ್ಪೆ ಸಮೇತ. ಮೇಜಿನ ಮೇಲೆ ಇಟ್ಟಾಗ ಬಹಳ ಚೆನ್ನಾಗಿತ್ತು. ಆದರೆ ಅದನ್ನು ಹಾಕಿಕೊಂಡು ನಡೆದರೆ ಒಂದೊಂದು ಹೆಜ್ಜೆಗೆ ಒಂದೊಂದು ಕಣ್ಣು ಮುಚ್ಚಿ ತೆರೆಯುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಗುಂತಕಲ್ಲಿನಲ್ಲಿ ಒಬ್ಬನನ್ನು ಹೆಂಗಸರು ಸೇರಿ ಅಂಗಡಿಯಿಂದ ಹೊರಗೆ ಹಾಕಿದರಂತೆ. "ನಾ ಹೊಳ್ಳಿ ನಿಂತಿದ್ದೆ, ನಾ ಏನೂ ಮಾಡಿಲ್ಲ" ಎಂದರೂ ಕೇಳಲಿಲ್ಲವಂತೆ. ಮಾಲು ವಾಪಸ್ ಬಂತು. ಹೆಚ್ಚಿನ ಬಣ್ಣ ತೆಗೆಯುವ ತೊಳೆತಕ್ಕೆ ಇನ್ನೂ ಹೋಗದ, ಹಸಿ ನೀಲಿಯ ಇನ್ನೂರು ಪ್ಯಾಂಟು ಯೂನಿಟ್ಟಿನಲ್ಲೇ ಉಳಿದವು. ಯಾರಿಗೂ ಬೇಡದ ಮಾಲು ಒಂದಲ್ಲ ಒಂದು ದಿನ ಯಾರಿಗೋ ಬೇಕಾಗುತ್ತದೆ ಎಂಬ ನಂಬಿಕೆಯಲ್ಲೇ ನನ್ನ ಗೋಡೌನು ನಿಂತಿದೆ. ತೂಕಕ್ಕೆ ಕೊಂಡು ಮೂಲೆಗೆ ಹಾಕಿದೆ. ಗೋಡೌನಿಗೆ ಹೋದಾಗಲೆಲ್ಲ ಅವು ನನ್ನನ್ನು ನೋಡುತ್ತಿದ್ದವು.

ಆಮೇಲೆ ಯೂನಿಟ್ಟಿಗೆ ಕಂಪ್ಯೂಟರ್ ಮಷೀನು ಬಂತು. ಅದರ ಹೊಟ್ಟೆಯಲ್ಲಿ ಐನೂರು ಜೇಬು ತಯಾರಾಗಿದ್ದವು, ಅದು ಊಟಕ್ಕೂ ಏಳುತ್ತಿರಲಿಲ್ಲ. ಅದೇ ತಿಂಗಳು ವಾಣಿಶ್ರೀಯ ಕುತ್ತಿಗೆ ಹಿಡಿಯಿತು. ಹದಿನೆಂಟು ವರ್ಷ ಬಗ್ಗಿದ್ದ ಕುತ್ತಿಗೆ ಇನ್ನು ಮೇಲೇಳುವುದಿಲ್ಲ ಎಂದಿತು. ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ಏನೋ ಕಳೆದುಕೊಂಡಿದ್ದಾಳೆ ಎಂದುಕೊಂಡು ಬೀದಿಯವರೂ ಜೊತೆಗೆ ಬಗ್ಗಿ ಹುಡುಕುತ್ತಿದ್ದರು. ಬಳ್ಳಾರಿಯಲ್ಲಿ ಒಬ್ಬ ನಿವೃತ್ತ ಡ್ರಿಲ್ ಮಾಸ್ತರು ಯೋಗ ಹೇಳಿಕೊಡುತ್ತಾರೆಂದು ತಿಳಿದು ವಾರಕ್ಕೆರಡು ದಿನ ಬಸ್ಸು ಹತ್ತಿದಳು. ನಲವತ್ತನೇ ದಿನವೋ ಏನೋ, ಬೊಮ್ಮಣ್ಣನ ಯೂನಿಟ್ಟಿನ ಮುಂದೆ ನಿಂತು ಮೇಲೆ ನೋಡಿ ಕಿರುಚಿದಳು: "ಗುಡ್ಡದ ಮ್ಯಾಲ ಕ್ವಾಟಿ ಕಾಣಾಕ ಹತ್ತೈತ್ರೀ!"

"ಕ್ವಾಟಿ ಅಲ್ಲೇ ಇತ್ತವಾ, ನೀನ ಇರಲಿಲ್ಲ" ಎಂದ ಬೊಮ್ಮಣ್ಣ.

ಅಂದಿನಿಂದ ಅವಳಿಗೆ ಯೋಗದ ಹುಚ್ಚು. ವರ್ಷ ಕಳೆದು ಸರ್ಟಿಫಿಕೇಟೂ ಬಂತು. ಆ ಹೊತ್ತಿಗೇ ಅವಳ ಗಂಡ ಅಂಜಿ, ಅದೇ ಯೂನಿಟ್ಟಿನ ಕಟಿಂಗ್ ಮಾಸ್ತರು, ಊರಿಗೆ ಹೋಗೋಣ ಎಂದ. ಅವನದು ಮಡಕಶಿರಾದಿಂದ ಹೇಮಾವತಿಯ ಕಡೆ ಹೋಗುವಾಗ ಸಿಗುವ ಹಳ್ಳಿ. ಅಲ್ಲಿ ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ರೇಷ್ಮೆ ಹುಳದ ಮನೆ, ಮತ್ತು ತಾಯಿ ಕದಿರಮ್ಮ. ಬೊಮ್ಮಣ್ಣ ಕುರ್ಚಿಯಿಂದ ಬೋರ್ಡು ಬಿಚ್ಚಿ ಅವಳ ಕೈಗೆ ಕೊಟ್ಟು ಕಳಿಸಿದ. ಕುರ್ಚಿ ಇಟ್ಟುಕೊಂಡ.

ಕದಿರಮ್ಮ ನಲವತ್ತು ವರ್ಷದಿಂದ ಹುಳ ಸಾಕಿದವಳು. ಬಲಗೈ ಕಿವಿಯ ಮಟ್ಟದಿಂದ ಮೇಲೆ ಹೋಗುತ್ತಿರಲಿಲ್ಲ, ಮೇಲಿನ ಪರದೆ ಕಟ್ಟಲು ಮಗನೇ ಬರಬೇಕು. ಅದೊಂದು ಬಿಟ್ಟರೆ ಮನೆಯಲ್ಲಿ ಎಲ್ಲವೂ ಅವಳ ಕೈಯಲ್ಲೇ. ಓದು ಬರದ ಅವಳಿಗೆ ಸೊಸೆಯ ತಗಡಿನ ಬೋರ್ಡು ಬಹಳ ಇಷ್ಟವಾಯಿತು. ಸುಣ್ಣದ ಡಬ್ಬಕ್ಕೆ ಸರಿಯಾದ ಮುಚ್ಚಳ ಆಗಿತ್ತು.

ವಾಣಿಶ್ರೀ ಮೊದಲು ಶಾಲೆಯ ಅಂಗಳದಲ್ಲಿ ಯೋಗ ಶುರುಮಾಡಿದಳು. ಮಾಡುವವರು ನಾಲ್ವರು, ಗೋಡೆ ಹತ್ತಿ ನೋಡುವವರು ನಲವತ್ತು. ಹೆಂಗಸರು ಸೆರಗು ಹಿಡಿದ ಕೈಯನ್ನು ಬಿಡಲೇ ಇಲ್ಲ. ಯಾರೂ ನೋಡದ ಜಾಗ ಬೇಕಿತ್ತು. ಆ ಊರಿನಲ್ಲಿ ತಣ್ಣಗಿರುವ, ಸೊಳ್ಳೆ ಬಾರದ, ಹೊರಗಿನಿಂದ ಕಾಣದ ಉದ್ದನೆಯ ಮನೆ ಒಂದೇ. ಅದು ಹುಳದ್ದು.

"ಅತ್ತಿ, ಹುಳದ ಮನಿ ಬೆಳಿಗ್ಗೆ ಒಂದು ತಾಸು ಕೊಡ್ರಿ."

"ಕೊಟ್ರೆ ಏನ್ ಮಾಡ್ತೀಯ?"

"ಜನ ಬಂದು ಮಲಗ್ತಾರ, ಏಳ್ತಾರ."

"ಅದನ್ನ ಅವರವರ ಮನೇಲೇ ಮಾಡ್ಕಳಕ್ಕೇನ್ ಬಂದೈತೆ?"

ಆದರೂ ಒಪ್ಪಿದಳು. ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಮರಿಹುಳ ಬರುವವರೆಗೆ ಮನೆ ಖಾಲಿಯೇ ಇತ್ತು. "ಮರಿ ಬರೋಗಂಟ ಅಷ್ಟೇ. ಬಂದ್ಮೇಲೆ ಒಂದು ನರಪಿಳ್ಳೆ ಕಾಣ್ಕೂಡದು."

ಚಾಪೆ ಬೇಕೆಂದು ವಾಣಿಶ್ರೀ ನನಗೆ ಫೋನ್ ಮಾಡಿದಳು. ನನ್ನ ಗೋಡೌನಿನ ಮೂಲೆಯ ಕಣ್ಣುಗಳು ನೆನಪಾದವು. ಬೇಕಾದಷ್ಟು ಪ್ಯಾಂಟು ಬಿಚ್ಚಿ, ಒಂದಕ್ಕೊಂದು ಜೋಡಿಸಿ ಹೊಲಿದು, ದಪ್ಪನೆಯ ಚಾಪೆ ಮಾಡಿ ಕಳಿಸಿದೆ. ಜೇಬು ಬಿಚ್ಚುವುದು ಕಷ್ಟದ ಕೆಲಸ, ಅದನ್ನು ಹಾಗೇ ಬಿಟ್ಟೆವು. ಹಾಗಾಗಿ ಒಂದೊಂದು ಚಾಪೆಗೂ ಎಂಟು ಕಣ್ಣು. ಕದಿರಮ್ಮ ಮೊದಲ ದಿನವೇ, "ಇದೇನೇ ಇದು, ಹಾಸಿಗೆ ನನ್ನೇ ನೋಡ್ತೈತೆ!" ಎಂದು ಮೂರು ಹೆಜ್ಜೆ ಹಿಂದೆ ಸರಿದಳಂತೆ.

ಚಾಪೆಯ ಇನ್ನೊಂದು ಗುಣ ಬೆವರು ತಾಗಿದ ಮೇಲೆ ಗೊತ್ತಾಯಿತು. ತೊಳೆತ ಕಾಣದ ಬಟ್ಟೆ, ಬಣ್ಣ ಬಿಟ್ಟಿತು. ಕಡಲೆಕಾಯಿ ಸುಲಿಯುವ ಮಷೀನಿನ ಗೋಪಣ್ಣ ಊರಿನಲ್ಲೆಲ್ಲ, "ಯೋಗ ಗೀಗ ಎಲ್ಲಾ ಕೆಲಸ ಇಲ್ದೋರಿಗೆ" ಎಂದು ಹೇಳಿಕೊಂಡು ತಿರುಗುತ್ತಿದ್ದವನು. ಅವನ ಹೆಂಡತಿ ಮಮತಾ ಒಂದು ಬೆಳಿಗ್ಗೆ ಬೆನ್ನು ತಿಕ್ಕಲು ಹೋಗಿ ಗಾಬರಿಯಾದಳು.

"ಏನ್ರೀ ಇದು, ಬೆನ್ನೆಲ್ಲಾ ನೀಲಿ! ಯಾವ್ದಾನ ಕಚ್ತಾ?"

"ಕಚ್ಲಿಲ್ಲ ಕಣೆ. ಸುಮ್ಕೆ ನೀರು ಹುಯ್ಯಿ."

"ಮೊಣಕೈ ತೋರ್ಸಿ. ತೋರ್ಸಿ ಅಂದ್ರೆ! ಅದೂ ನೀಲಿ! ಹಂಗಾರೆ ಮಷೀನ್ ರಿಪೇರಿಗೆ ಅಂತ ದಿನಾ ಹೋಗ್ತಿದ್ದಿದ್ದು ಯೋಗಕ್ಕೆ!"

ಮಾರನೇ ದಿನದಿಂದ ಮಮತಾನೂ ಬಂದಳು. ಆ ಊರಿನಲ್ಲಿ ಯೋಗಕ್ಕೆ ಹೋಗಿಲ್ಲ ಎಂದು ಯಾರಾದರೂ ಹೇಳಿದರೆ ಈಗ ಮೊಣಕೈ ತೋರಿಸಬೇಕು. ಹೀಗೆ ಹನ್ನೊಂದು ಜನ ಆದರು.

ವಾಣಿಶ್ರೀಗೆ ಯಾರ ಹೆಸರೂ ನೆನಪಿರಲಿಲ್ಲ. ಎಲ್ಲರೂ ಅವಳ ಕಣ್ಣಿಗೆ ಸೊಂಟದ ಅಳತೆ. "ಮೂವತ್ತೆಂಟು, ಮಣಕಾಲು ನೆಟ್ಟಗ ಇಡ್ರಿ. ಮೂವತ್ತನಾಲ್ಕು, ಉಸಿರು ಬಿಡ್ರಿ. ನಲವತ್ತೆರಡು, ಮಾತು ಸಾಕು." ನಲವತ್ತೆರಡು ಎಂದರೆ ಗೋಪಣ್ಣ. ಬೆನ್ನು ಸೊಟ್ಟಗಿದ್ದರೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸುವಳು. ಇಷ್ಟು ಮಾಡಿದರೂ ಎರಡು ವಿಷಯಕ್ಕೆ ಅವಳಿಗೆ ಸಾಕಾಗಿ ಹೋಗಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ರಾತ್ರಿಯ ಮುದ್ದೆ ಮುಗಿಸಿ ಬರುತ್ತಿದ್ದರು. ಉಸಿರು ಹಿಡಿಯಿರಿ ಎಂದರೆ ಎಷ್ಟು ಹೊತ್ತು ಹಿಡಿಯಬೇಕು ಎಂದು ಕೇಳುವುದರಲ್ಲಿ ಉಸಿರು ಬಿಟ್ಟಾಗಿರುತ್ತಿತ್ತು.

ಅಷ್ಟರಲ್ಲಿ ಮರಿಹುಳ ಬರುವ ದಿನ ಬಂತು.

"ಇವತ್ತಿಗೆ ಆಯ್ತು ನಿಮ್ದು. ಚಾಪೆ ಎತ್ತು" ಎಂದಳು ಕದಿರಮ್ಮ.

ಬೇರೆ ಜಾಗ ಇಲ್ಲ, ಶಾಲೆಯ ಅಂಗಳಕ್ಕೆ ಯಾರೂ ಬರುವುದಿಲ್ಲ. ಹುಳದ ಮನೆ ಕೈ ತಪ್ಪಿದರೆ ಯೋಗವೂ ತಪ್ಪಿತು, ಮತ್ತೆ ದಿನವಿಡೀ ಸೊಪ್ಪು ಕೊಯ್ಯುತ್ತ ಕುತ್ತಿಗೆ ಬಗ್ಗಿಸುವುದೇ ಆಯಿತು. ವಾಣಿಶ್ರೀ ಸುಮ್ಮನೆ ಎದ್ದುಹೋಗುವ ಹೆಂಗಸಲ್ಲ. ಆ ಸಲ ಸೊಪ್ಪು ಕಡಿಮೆ, ಅರ್ಧ ಮನೆಗಾಗುವಷ್ಟೇ ಹುಳ ತರಿಸಿದ್ದರು. ಇಂಚು ಟೇಪು ತಂದು ಅತ್ತೆಯ ಮುಂದೆಯೇ ನೆಲ ಅಳೆದಳು.

"ನೋಡ್ರಿ ಅತ್ತಿ, ಈ ಕಡೆ ಇಪ್ಪತ್ತು ಅಡಿ ನಿಮ್ಮ ಹುಳಕ್ಕ. ಆ ಕಡೆ ಇಪ್ಪತ್ತು ಅಡಿ ಸುಮ್ನ ಬಿದ್ದಿರತೈತಿ. ಅದರಾಗ ನಾವೂ ಸುಮ್ನ ಬಿದ್ದಿರ್ತೀವಿ."

ಕದಿರಮ್ಮ ಟೇಪನ್ನು ಸುತ್ತಿ ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಷರತ್ತು ಹೇಳಿದಳು. ಪೌಡರ್ ಹಾಕಬಾರದು, ತಲೆಗೆ ವಾಸನೆ ಎಣ್ಣೆ ಹಚ್ಚಬಾರದು, ಬೀಡಿ ಸೇದಿ ಬರಬಾರದು. ಬಾಗಿಲಲ್ಲಿ ಔಷಧಿ ನೀರಿನಲ್ಲಿ ಕಾಲದ್ದಬೇಕು. ಒಳಗೆ ತುಟಿ ಬಿಚ್ಚಬಾರದು. "ಇನ್ನ ಈರುಳ್ಳಿ ನಂಚ್ಕೊಂಡು ಮುದ್ದೆ ಉಂಡು ಬಂದು, ನನ್ನ ಹುಳದ ಮಕದ ಮೇಲೆ ಯಾವನಾನ ತೇಗಿದ್ನೋ, ಅವನ್ನ ಅಲ್ಲೇ ಹೂತಾಕ್ತೀನಿ. ಈ ಬೆಳೆ ನೆಟ್ಟಗೆ ಬಂದ್ರೆ ಮನೆ ನಿಂದು. ಕೆಟ್ರೆ ನಿನ್ನ ಕಣ್ಣಿನ ಚಾಪೆ ಎಲ್ಲಾ ಒಲೆಗೆ."

ಯೋಗ ಮೇಡಂ ಹೇಳಿದಾಗ ಕೇಳದ ಜನ ಕದಿರಮ್ಮನ ಮಾತನ್ನು ಮೊದಲ ದಿನವೇ ಕೇಳಿದರು. ಹುಳಕ್ಕೆ ಕೆಡುಕು ಮಾಡಿದವನು ಎಂಬ ಹೆಸರು ಹೊತ್ತು ಆ ಊರಿನಲ್ಲಿ ಯಾರೂ ಬಾಳಲಾರರು. ಖಾಲಿ ಹೊಟ್ಟೆಯಲ್ಲಿ ಬಂದರು, ಕಾಲು ತೊಳೆದರು, ಮೂಕರ ಹಾಗೆ ಮಲಗಿ ಎದ್ದರು. ಬಳ್ಳಾರಿಯ ಮಾಸ್ತರ ಕ್ಲಾಸೂ ಇಷ್ಟು ಶಿಸ್ತಾಗಿರಲಿಲ್ಲ ಎಂದು ವಾಣಿಶ್ರೀ ನನಗೆ ಫೋನಿನಲ್ಲಿ ಪಿಸುಗುಟ್ಟಿದಳು. ಮನೆಯ ಹೊರಗೂ ಅವಳಿಗೆ ಪಿಸುಗುಟ್ಟುವುದೇ ಅಭ್ಯಾಸವಾಗಿತ್ತು.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆ ಕಡೆಯವರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ. ತಲೆಯನ್ನು ಮೇಲಕ್ಕೆತ್ತಿ, ಒಂದು ದಿನದ ಮೇಲೆ ಅಲುಗಾಡದೆ ಕೂತಿರುತ್ತದೆ. ಹಾಸಿಗೆ ಒಣಗಿರಲಿ ಎಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಆಗ ಹಾಸಿಗೆ ಅದುರಬಾರದು, ಅದುರಿದರೆ ಪೊರೆ ಅರ್ಧಕ್ಕೆ ಸಿಕ್ಕಿ ಹುಳ ಕೆಡುತ್ತದೆ. ನಾಲ್ಕನೇ ಜ್ವರ ಸುಸೂತ್ರವಾಗಿ ಬಿಟ್ಟರೆ ಬೆಳೆ ಕೈಗೆ ಬಂದ ಹಾಗೆಯೇ.

ನಾಲ್ಕನೇ ಜ್ವರದ ಬೆಳಿಗ್ಗೆಯೇ ನಾನು ಇನ್ನೆರಡು ಚಾಪೆ ತೆಗೆದುಕೊಂಡು ಅಲ್ಲಿಗೆ ಹೋದೆ. ಒಳಗೆ ಮಬ್ಬು ಬೆಳಕು. ಈ ಕಡೆ ಹುಳದ ಹಾಸಿಗೆಗಳ ಸಾಲು, ಅದು ಮುಗಿದಲ್ಲಿ ಚಾಪೆಗಳ ಸಾಲು. ವಾಣಿಶ್ರೀ ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟು, "ಮೂವತ್ತಾರು, ನೀವೂ ಮಲಗ್ರಿ" ಎಂದು ಪಿಸುಗುಟ್ಟಿದಳು. ವ್ಯಾಪಾರಕ್ಕೆ ಬಂದವನು ಮಲಗಿದೆ.

ಸರಳ ಭುಜಂಗಾಸನ ಹಾಕಿಸಿದಳು. ಹೊಟ್ಟೆಯ ಮೇಲೆ ಮಲಗಿ, ಮೊಣಕೈ ಊರಿ, ಎದೆ ಮತ್ತು ತಲೆ ಮೇಲಕ್ಕೆ. ಕಣ್ಣು ಮುಚ್ಚಿ. ಅಲುಗಾಡಬಾರದು. ಪಕ್ಕದಲ್ಲಿ ಸಾವಿರಾರು ಹುಳ ಅದನ್ನೇ ನಮಗಿಂತ ಚೆನ್ನಾಗಿ ಮಾಡುತ್ತಿದ್ದವು.

ಕದಿರಮ್ಮ ಸುಣ್ಣದ ಡಬ್ಬದ ಮೇಲಿನ 'ಫ್ಯಾಷನ್ ಡಿಸೈನರ್' ಮುಚ್ಚಳ ಸರಿಸಿ, ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಳು. ಪುಡಿ ಕೂತು ಮಂಕಾಗುತ್ತದೆಂದು ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಟನ್ನು ಮೆಲ್ಲಗೆ ತಟ್ಟುತ್ತ ಸಾಲು ಹಿಡಿದು ಬಂದಳು. ಟಪ್, ಟಪ್, ಟಪ್. ನಲವತ್ತು ವರ್ಷದ ಕೈ, ಅದು ಕಣ್ಣನ್ನು ಕೇಳುವುದಿಲ್ಲ. ಹುಳದ ಸಾಲು ಮುಗಿಯಿತು. ಮುಂದೆಯೂ ಒಂದು ಸಾಲು ತಲೆ ಎತ್ತಿಕೊಂಡು ಅಲುಗಾಡದೆ ಇತ್ತು. ಟಪ್, ಟಪ್, ಟಪ್.

ಮೊದಲು ಮಮತಾ ಬೆಳ್ಳಗಾದಳು. ಆಮೇಲೆ ನಾನು. ನನ್ನ ಪಕ್ಕದಲ್ಲಿ ಗೋಪಣ್ಣ.

ಗೋಪಣ್ಣನ ಸೀನು ಆ ಸೀಮೆಗೇ ಗೊತ್ತು. ಕಡಲೆಕಾಯಿ ಧೂಳಿನಲ್ಲಿ ಪಳಗಿದ ಸೀನು ಅದು. ಅವನು ಮಷೀನಿನ ಮುಂದೆ ಸೀನಿದರೆ ಹೊರಗೆ ಕಟ್ಟಿದ ಎತ್ತು ಗೂಟ ಕಿತ್ತ ದಿನವುಂಟು. ಈಗ ಅವನ ಮೂಗಿನ ತುದಿಯ ಮೇಲೆ ಒಂದು ಚಿಟಿಕೆ ಸುಣ್ಣ. ಪಕ್ಕದಲ್ಲಿ ನಾಲ್ಕನೇ ಜ್ವರ. ನಾನು ಒಂದು ಕಣ್ಣು ತೆರೆದು ನೋಡಿದೆ. ಮೂಗು ಅರಳಿತು. ಮೇಲ್ತುಟಿ ಮೇಲೇರಿತು. ಎದೆ ಉಬ್ಬುತ್ತಾ ಹೋಯಿತು.

ವಾಣಿಶ್ರೀ ತುದಿಗಾಲಿನಲ್ಲಿ ಬಂದು ಅವನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು. ಅವಳ ಮುಖದಲ್ಲಿ ಒಲೆಗೆ ಹೋಗುವ ಚಾಪೆಗಳೆಲ್ಲ ಕಾಣುತ್ತಿದ್ದವು.

"ನಲವತ್ತೆರಡು," ಎಂದಳು ಕೇಳಿಯೂ ಕೇಳದ ದನಿಯಲ್ಲಿ, "ಹಿಡೀರಿ."

ಎರಡು ತಿಂಗಳಲ್ಲಿ ಒಮ್ಮೆಯೂ ಆರು ಎಣಿಸುವಷ್ಟು ಹೊತ್ತು ಉಸಿರು ಹಿಡಿಯದ ಮನುಷ್ಯ ಹಿಡಿದ. ಕೆಂಪಗಾದ, ನೇರಳೆಯಾದ, ಮೇಲಿನ ಸುಣ್ಣದಲ್ಲಿ ಅದು ಗುಲಾಬಿಯಾಗಿ ಕಂಡಿತು. ಹಾಗೇ ಎದ್ದ. ಉಸಿರಿಲ್ಲದೆ ಬೆಕ್ಕಿನ ಹೆಜ್ಜೆ ಇಡುತ್ತ ಸಾಲು ದಾಟಿದ, ಬಾಗಿಲ ಔಷಧಿ ನೀರಿನಲ್ಲಿ ಕ್ರಮ ತಪ್ಪದೆ ಕಾಲದ್ದಿದ, ಪರದೆ ಸರಿಸಿ ಹೊರಗೆ ಹೋದ. ನಾವು ಕಿವಿಗೊಟ್ಟು ಕಾದೆವು. ಬಾವಿ ದಾಟಿರಬೇಕು. ತೋಟ ದಾಟಿರಬೇಕು. ಕೊನೆಗೆ ಬಹಳ ದೂರದಲ್ಲಿ, ಯಾರೋ ಬಂಡೆ ಸಿಡಿಸಿದ ಹಾಗೆ ಒಂದು ಸದ್ದು. ಒಂದು ಹುಳವೂ ಅಲುಗಲಿಲ್ಲ.

ಕದಿರಮ್ಮ ಸದ್ದಿಗೆ ಕನ್ನಡಕ ಹಾಕಿಕೊಂಡು ಸುತ್ತ ನೋಡಿದಳು. ಕಾಲ ಕೆಳಗೆ ಹನ್ನೊಂದು ಬಿಳಿ ತಲೆಗಳು.

"ಅಯ್ಯೋ ದೇವುಡಾ," ಎಂದು ಪಿಸುಗುಟ್ಟಿದಳು. "ಇವ್ಯಾವ ತಳಿ?"

ನಗುವಂತಿರಲಿಲ್ಲ. ಹನ್ನೊಂದು ಜನರ ಭುಜ ಮಾತ್ರ ಕುಣಿದವು, ಸುಣ್ಣ ಉದುರಿತು. ಒಬ್ಬೊಬ್ಬರಾಗಿ ಕಾಲದ್ದಿ ಹೊರಗೆ ಹೋಗಿ ಬಾವಿಯ ಹತ್ತಿರ ಬಿದ್ದು ನಕ್ಕೆವು. ಗೋಪಣ್ಣ ತೋಟದಿಂದ ವಾಪಸ್ ಬಂದು, "ಎಷ್ಟಾಯ್ತು? ಎಷ್ಟು ಹೊತ್ತು ಹಿಡಿದೆ? ಯಾರಾನ ನೋಡಿದ್ರಾ?" ಎಂದು ಎಲ್ಲರನ್ನೂ ಕೇಳಿದ. ಯಾರೂ ಗಡಿಯಾರ ನೋಡಿರಲಿಲ್ಲ. ಅವನಿಗೆ ಆ ದುಃಖ ಇಂದಿಗೂ ಹೋಗಿಲ್ಲ.

ಕದಿರಮ್ಮ ಮಾತ್ರ ಮನೆ ಕೊಡುವ ವಿಷಯದಲ್ಲಿ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹುಳ ಜ್ವರ ಬಿಟ್ಟವು, ಮಳೆ ಸುರಿದ ಹಾಗೆ ಸದ್ದು ಮಾಡಿಕೊಂಡು ಸೊಪ್ಪು ತಿಂದವು, ಗೂಡು ಕಟ್ಟಿದವು. ಗೂಡು ಹಿಂದೂಪುರದ ಮಾರ್ಕೆಟ್ಟಿಗೆ ಹೋದ ದಿನ ವಾಣಿಶ್ರೀ ನನಗೆ ಫೋನ್ ಮಾಡಿದಳು. "ಅತ್ತಿ ಇವತ್ತು ಹೇಳ್ತಾರಂತ. ಇಲ್ಲ ಅಂದ್ರ ಚಾಪಿ ನೀವ ಒಯ್ದುಬಿಡ್ರಿ, ಒಲಿಗೆ ಹಾಕೋದು ನನ್ನ ಕಡಿಂದ ನೋಡಾಕ ಆಗಂಗಿಲ್ಲ." ನಾನು ಹಗ್ಗ ತೆಗೆದುಕೊಂಡು ಹೋದೆ.

ಹುಳದ ಮನೆ ಮತ್ತೆ ಖಾಲಿ. ಚಾಪೆಗಳನ್ನು ಸುತ್ತಿ ಬಾಗಿಲಲ್ಲಿ ಇಟ್ಟಿದ್ದರು. ವಾಣಿಶ್ರೀ ಅವುಗಳ ಪಕ್ಕ ನೆಲ ನೋಡಿಕೊಂಡು ನಿಂತಿದ್ದಳು. ಆ ಹಳೆಯ ಕುತ್ತಿಗೆ ನನಗೆ ಗೊತ್ತಿತ್ತು. ಅಂಜಿ ಉಗುರು ಕಚ್ಚುತ್ತಿದ್ದ. ಕದಿರಮ್ಮ ಮಜ್ಜಿಗೆ ತಂದು ನನ್ನ ಕೈಗೆ ಕೊಟ್ಟು, ಹಗ್ಗ ನೋಡಿದಳು.

"ಇದ್ಯಾಕಪ್ಪ?"

"ಚಾಪೆ ಕಟ್ಟಾಕ್ರಿ."

"ಯಾರ್ ಹೇಳಿದ್ರು ಕಟ್ಟು ಅಂತ? ಹುಳಕ್ಕೆ ಅಭ್ಯಾಸ ಆಗ್ಬಿಟ್ಟೈತೆ. ಪಕ್ಕದಾಗೆ ಜನ ಬಿದ್ಕೊಂಡಿದ್ರೇನೇ ಅವು ನೆಟ್ಟಗೆ ಜ್ವರ ಬಿಡೋದು. ನಲವತ್ತು ವರ್ಷದಾಗೆ ಇಂಥ ಗೂಡು ನಾನು ನೋಡಿಲ್ಲ." ಸೊಸೆಯ ಕಡೆ ತಿರುಗಿದಳು. "ಹುಳಕ್ಕೋಸ್ಕರ ಕೊಡ್ತಿದೀನಿ ಕಣಮ್ಮಿ. ನಿನ್ನ ಮಲಗೋದು ಏಳೋದಕ್ಕಲ್ಲ. ಅದೆಲ್ಲಾ ನಂಗೆ ನಂಬಿಕೆ ಇಲ್ಲ."

ಹಾಗೆ ಹೇಳುತ್ತಲೇ ಸುಣ್ಣದ ಡಬ್ಬದ ಮೇಲಿದ್ದ ಬೋರ್ಡನ್ನು ಸೆರಗಿನಿಂದ ಒರೆಸಿ, ಬಾಗಿಲ ಮೇಲಿನ ಮೊಳೆಗೆ ಹಾಕಲು ಎರಡೂ ಕೈ ಎತ್ತಿದಳು. ಕಿವಿ ದಾಟಿತು, ತಲೆ ದಾಟಿತು, ಬಲಗೈಯೂ ಎಡಗೈಯೂ ಸಮನಾಗಿ ಮೊಳೆ ಮುಟ್ಟಿದವು. ಸೆರಗು ಜಾರಿತು. ಎರಡೂ ಮೊಣಕೈ ನೀಲಿ. ಒಂದು ದಿನದ ನೀಲಿಯಲ್ಲ, ತಿಂಗಳುಗಟ್ಟಲೆಯ ನೀಲಿ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳೆಂದು ಕಾಣುತ್ತದೆ.

ಅಂಜಿ ಬಾಯಿ ತೆರೆದ. ವಾಣಿಶ್ರೀ ಅವನ ಕಾಲು ತುಳಿದಳು. ನಾನು ಮಜ್ಜಿಗೆ ನೋಡಿದೆ.

"ಏನು ಎಲ್ರೂ ಗುಮ್ಮನ್ ಥರ ನಿಂತಿದೀರ? ನೆಟ್ಟಗೈತಾ ಬೋರ್ಡು?" ಎಂದಳು ಕದಿರಮ್ಮ.

ಬೋರ್ಡು ತಲೆಕೆಳಗಾಗಿತ್ತು.

"ಭಾಳ ನೆಟ್ಟಗೈತ್ರಿ ಅತ್ತಿ," ಎಂದಳು ವಾಣಿಶ್ರೀ. ಅವಳ ಕುತ್ತಿಗೆ ಪೂರ್ತಿ ಮೇಲಕ್ಕೆದ್ದಿತ್ತು.

ಅದು ಈಗಲೂ ಹಾಗೇ ಇದೆ, ತಿರುಗಿಸಲು ಯಾರಿಗೂ ಮನಸ್ಸಿಲ್ಲ. ಶೀರ್ಷಾಸನ ಬಂದ ದಿನ ಓದಿಕೊಳ್ಳುತ್ತೇನೆ ಎಂದು ಗೋಪಣ್ಣ ಹೇಳುತ್ತಿರುತ್ತಾನೆ.